ಯಂತ್ರನಾದದಲ್ಲಿ ಜೀವವೆಂಬುದು ಎಲ್ಲಿದೆ?

ಧ್ವನಿಯೆಂಬ ಮಾತು ನಮ್ಮ ಕಾವ್ಯಮೀಮಾಂಸೆಗೆ ನಾದಪ್ರಪಂಚದ ಕಡೆಯಿಂದಲೇ ಬಂದುದು. ಘಂಟೆಯನ್ನು ಬಡಿದಾಗ ಮೊದಲು ಕೇಳುವ ಪೆಟ್ಟಿನ ಸದ್ದು ಒಂದು. ಆ ಪೆಟ್ಟು ಅಡಗಿದ ಮೇಲೆ ಅಲೆಯಲೆಯಾಗಿ ಉಳಿಯುವ ಅನುರಣನ ಮತ್ತೊಂದು. ಆನಂದವರ್ಧನನು ವ್ಯಂಗ್ಯಾರ್ಥದ ಒಂದು ಪ್ರಭೇದವನ್ನು ಈ ಅನುರಣನಕ್ಕೆ ಹೋಲಿಸಿದನೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಹೀಗೆ ನಾದದಿಂದ ಸಾಲವಾಗಿ ತಂದ ಪರಿಭಾಷೆಯಿಂದ ಕಾವ್ಯವನ್ನು ಅಳೆಯುತ್ತ ಬಂದ ನಾವು, ನಾದವನ್ನೇ ಅಳೆಯಬೇಕಾದ ಸಂದರ್ಭ ಒದಗಿದಾಗ ಮಾತ್ರ ‘ಬೆಚ್ಚಗಿದೆ’, ‘ತಣ್ಣಗಿದೆ’, ‘ಜೀವವಿದೆ’, ‘ಜೀವವಿಲ್ಲ’ ಎಂಬ ನಾಲ್ಕು ಮಾತುಗಳಲ್ಲಿ ತೀರ್ಪನ್ನು ಮುಗಿಸಿಬಿಡುವುದು ಉಚಿತವೇ? ಈ ಪ್ರಶ್ನೆಯನ್ನು ಒಂದು ನಿರ್ದಿಷ್ಟ ಉದಾಹರಣೆಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉದಾಹರಣೆ ಯಾವುದೆಂದರೆ, ವಿದ್ಯುತ್ತಿನಿಂದ ನಾದವನ್ನು ಕಟ್ಟುವ ಸಿಂಥಸೈಜರ್ ಎಂಬ ವಾದ್ಯ. ಈ ವಾದ್ಯದಲ್ಲಿ ಎರಡು ಕುಲಗಳಿವೆ. ಮೊದಲನೆಯದು ಅನಲಾಗ್ ಕುಲ. ಇದರಲ್ಲಿ ವಿದ್ಯುತ್ತಿನ ಒತ್ತಡವೇ ಗಾಳಿಯ ಅಲೆಯನ್ನು ಹೋಲುತ್ತ ಎಡೆಬಿಡದೆ ಏರಿಳಿಯುವುದು. ಎರಡನೆಯದು ಡಿಜಿಟಲ್ ಕುಲ. ಇದರಲ್ಲಿ ಅಲೆಯ ಎತ್ತರಗಳನ್ನು ಸಂಖ್ಯೆಗಳ ಸಾಲಾಗಿ ಗಣಿಸಿ, ಕಡೆಯಲ್ಲಿ ಆ ಸಂಖ್ಯೆಗಳನ್ನು ವಿದ್ಯುತ್ತಿನ ಒತ್ತಡವಾಗಿ ಮಾರ್ಪಡಿಸುವರು. ಮೊದಲ ಕುಲದ ನಾದ ಬೆಚ್ಚಗಿದೆ, ಜೀವಂತವಾಗಿದೆ. ಎರಡನೆಯ ಕುಲದ ನಾದ ತಣ್ಣಗಿದೆ, ನಿರ್ಜೀವವಾಗಿದೆ ಎಂಬ ಅಭಿಪ್ರಾಯ ಸುಮಾರು ನಾಲ್ಕು ದಶಕಗಳಿಂದ ರೂಢವಾಗಿದೆ. ಬಹುಜನರ ಕಿವಿಗೆ ತೋರಿದುದನ್ನು ಸುಮ್ಮನೆ ಅಲ್ಲಗಳೆಯುವುದು ಸಾಧುವಲ್ಲ. ಆದರೆ ಕೇಳಿದುದು ಎಷ್ಟು, ಕೇಳಿದೆನೆಂದು ನಂಬಿದುದು ಎಷ್ಟು ಎಂಬುದನ್ನು ಬೇರ್ಪಡಿಸುವುದು ವಿಮರ್ಶಕನ ಮೊದಲ ಕರ್ತವ್ಯ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಡಿಜಿಟಲ್ ನಾದವು ಮೆಟ್ಟಿಲು ಮೆಟ್ಟಿಲಾಗಿ ಒಡೆದಿದೆ. ಅನಲಾಗ್ ನಾದವು ನದಿಯಂತೆ ಅಖಂಡವಾಗಿದೆ. ಆದುದರಿಂದ ಮೊದಲಿನದು ಕೃತಕ, ಎರಡನೆಯದು ಸಹಜ — ಇದು ಆ ಪಕ್ಷದ ಮುಖ್ಯವಾದ ವಾದ. ಕಾಗದದ ಮೇಲೆ ಬರೆದ ಚಿತ್ರವನ್ನು ನೋಡಿದವರಿಗೆ ಇದು ಸರಿಯೆಂದೇ ತೋರುವುದು. ಆದರೆ ಸಂಖ್ಯೆಗಳು ನಾದವಾಗಿ ಹೊರಬರುವ ಮುನ್ನ ಕೊನೆಯ ಶೋಧಕವೊಂದನ್ನು ಹಾದು ಬರುವುವು. ಅಲ್ಲಿ ಮೆಟ್ಟಿಲುಗಳು ಅಳಿದು, ನುಣುಪಾದ ಅಲೆಯೇ ಉಳಿಯುವುದು. ಒಂದು ಅಲೆಯಲ್ಲಿರುವ ಅತ್ಯಂತ ವೇಗದ ಕಂಪನಕ್ಕಿಂತ ಇಮ್ಮಡಿಗೂ ಹೆಚ್ಚು ಸಲ ಅದನ್ನು ಅಳೆದರೆ, ಆ ಅಳತೆಗಳಿಂದಲೇ ಮೂಲದ ಅಲೆಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬ ಪ್ರಮೇಯವನ್ನು ಕ್ಲಾಡ್ ಶ್ಯಾನನ್ ೧೯೪೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿರುವನು. ಸಿ.ಡಿ. ತಟ್ಟೆಯಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳಿರುವುವು. ಮನುಷ್ಯನ ಕಿವಿ ಸುಮಾರು ೨೦,೦೦೦ ಕಂಪನಗಳಿಂದ ಮೇಲೆ ಏನನ್ನೂ ಗ್ರಹಿಸಲಾರದು. ಆದುದರಿಂದ ಮೆಟ್ಟಿಲಿನ ವಾದ ನಿಲ್ಲುವುದಿಲ್ಲ.

ಹಾಗೆಂದಮಾತ್ರಕ್ಕೆ ಡಿಜಿಟಲ್ ರೀತಿಯಲ್ಲಿ ದೋಷವೇ ಇಲ್ಲವೆಂದು ಅರ್ಥವಲ್ಲ. ಅದರ ನಿಜವಾದ ದೋಷ ಬೇರೆ. ಲೆಕ್ಕದ ವೇಗದ ಅರ್ಧವನ್ನು ಮೀರಿದ ಉಪಸ್ವರವೊಂದು ಹುಟ್ಟಿದರೆ, ಅದು ಮಾಯವಾಗುವುದಿಲ್ಲ; ಕನ್ನಡಿಗೆ ತಾಗಿದ ಬೆಳಕಿನಂತೆ ಹಿಂದಕ್ಕೆ ಮಡಿಸಿಕೊಂಡು ಕೆಳಗಿನ ಸ್ವರವಾಗಿ, ಮೂಲಸ್ವರಕ್ಕೆ ಯಾವ ಸಂಬಂಧವೂ ಇಲ್ಲದ ಅಪಸ್ವರವಾಗಿ ಕೇಳಿಬರುವುದು. ಅಲ್ಲದೆ ಅಳತೆಗಳನ್ನು ಹತ್ತಿರದ ಸಂಖ್ಯೆಗೆ ಇಳಿಸುವುದರಿಂದ ಸಣ್ಣದೊಂದು ಮೊರೆತವೂ ಸೇರುವುದು. ಹಳೆಯ ಯಂತ್ರಗಳಲ್ಲಿ ಇವೆರಡೂ ಕಿವಿಗೆ ಬೀಳುವಷ್ಟಿದ್ದುವು. ದೋಷವನ್ನು ಹೇಳುವುದಾದರೆ ಇರುವ ದೋಷವನ್ನು ಹೇಳಬೇಕು. ಇಲ್ಲದ ದೋಷವನ್ನು ಆರೋಪಿಸಿದರೆ ಇರುವುದು ಮರೆಯಾಗುವುದು.

ಇನ್ನು ಅನಲಾಗ್ ಕುಲದ ಗುಣವನ್ನು ವಿಚಾರಿಸೋಣ. ೧೯೬೪ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಎಂಬಾತನು ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನ ಸಹಕಾರದಿಂದ ವೋಲ್ಟಿನ ಅಂಕೆಗೆ ಒಳಪಟ್ಟ ನಾದಯಂತ್ರವನ್ನು ರಚಿಸಿದನು. ಅವನ ಪದ್ಧತಿಯಲ್ಲಿ ಒಂದು ವೋಲ್ಟು ಹೆಚ್ಚಿದರೆ ಶ್ರುತಿ ಒಂದು ಸ್ಥಾಯಿ ಮೇಲೇರುವುದು. ಸರಳವೂ ಸುಂದರವೂ ಆದ ಈ ನಿಯಮದಲ್ಲೇ ಒಂದು ತೊಡಕೂ ಇದೆ. ಸ್ಥಾಯಿಯನ್ನು ೧೨೦೦ ಸಮಭಾಗ ಮಾಡಿದರೆ, ವೋಲ್ಟಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಶ್ರುತಿ ಒಂದು ಭಾಗಕ್ಕಿಂತ ಹೆಚ್ಚು ಜರುಗುವುದು. ಟ್ರಾನ್ಸಿಸ್ಟರುಗಳು ಕಾವೇರಿದಂತೆ ವರ್ತನೆಯನ್ನು ಬದಲಿಸುವುವಾದ್ದರಿಂದ, ಕೋಣೆಯ ಸೆಕೆ ಹೆಚ್ಚಿದರೂ ವಾದ್ಯದ ಶ್ರುತಿ ತಪ್ಪುವುದು.

ವೆಂಡಿ ಕಾರ್ಲೋಸ್ ೧೯೬೮ರಲ್ಲಿ ಹೊರತಂದ, ಬಾಖನ ಕೃತಿಗಳನ್ನು ಮೋಗ್ ಯಂತ್ರದಲ್ಲಿ ನುಡಿಸಿದ ‘ಸ್ವಿಚ್ಡ್-ಆನ್ ಬಾಖ್’ ಎಂಬ ಮುದ್ರಿಕೆ ಈ ತೊಡಕಿನೊಡನೆ ಹೋರಾಡಿ ಗೆದ್ದ ಕೃತಿ. ಯಂತ್ರವು ಒಂದು ಕಾಲಕ್ಕೆ ಒಂದೇ ಸ್ವರವನ್ನು ನುಡಿಯಬಲ್ಲುದಾಗಿತ್ತು. ಆದುದರಿಂದ ಪ್ರತಿಯೊಂದು ಧಾರೆಯನ್ನೂ ಬೇರೆಯಾಗಿ ನುಡಿಸಿ ಟೇಪಿನಲ್ಲಿ ಒಂದರ ಮೇಲೊಂದನ್ನು ಸೇರಿಸಬೇಕಾಯಿತು. ನಡುನಡುವೆ ಶ್ರುತಿ ತಪ್ಪಿದಾಗಲೆಲ್ಲ ನಿಲ್ಲಿಸಿ, ಸರಿಪಡಿಸಿ, ಮತ್ತೆ ತೊಡಗಬೇಕಾಯಿತು. ಬಾಖನ ಸಂಗೀತದಲ್ಲಿ ಧಾರೆಗಳ ಪರಸ್ಪರ ಸಂವಾದವೇ ಪ್ರಾಣವಾದ ಕಾರಣ, ಪ್ರತಿಯೊಂದು ಧಾರೆಗೂ ಬೇರೆ ಬಣ್ಣ ಕೊಟ್ಟ ಈ ರಚನೆಯಲ್ಲಿ ಆ ಸಂವಾದ ಸ್ಫಟಿಕದಷ್ಟು ತಿಳಿಯಾಗಿ ಕೇಳಿಸುವುದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಇಂದು ಅನಲಾಗ್ ನಾದದ ಮಹಿಮೆಯೆಂದು ಹೊಗಳಿಸಿಕೊಳ್ಳುವ ಶ್ರುತಿಯ ಅಲೆದಾಟವನ್ನು ಆ ಕಲಾವಿದೆ ಶತ್ರುವೆಂದೇ ತಿಳಿದು ಹೊರಗಟ್ಟಲು ಶ್ರಮಿಸಿದಳು.

ಆದರೂ ಆ ಅಲೆದಾಟದಲ್ಲಿ ಒಂದು ಗುಣ ಅಡಗಿದ್ದುದು ನಿಜ. ೧೯೭೦ರಲ್ಲಿ ಬಂದ ಮಿನಿಮೋಗ್ ಎಂಬ ಚಿಕ್ಕ ವಾದ್ಯದಲ್ಲಿ ಮೂರು ಆಸಿಲೇಟರುಗಳಿರುವುವು. ಅವುಗಳಲ್ಲಿ ಒಂದು ಸೆಕೆಂಡಿಗೆ ೨೨೦ ಸಲವೂ ಮತ್ತೊಂದು ೨೨೦.೫ ಸಲವೂ ಕಂಪಿಸಿದರೆ, ಎರಡು ಸೆಕೆಂಡಿಗೊಮ್ಮೆ ನಾದ ಉಬ್ಬಿ ಇಳಿಯುವುದು. ಅಂತರ ತಾನೇ ತಾನಾಗಿ ಸ್ವಲ್ಪ ಸ್ವಲ್ಪ ಬದಲಾಗುವುದರಿಂದ ಈ ಉಬ್ಬರವಿಳಿತವೂ ಒಂದೇ ಸಮನಾಗಿರದು. ಮೇಲಾಗಿ ಈ ಆಸಿಲೇಟರುಗಳು ಕೀಲಿಯನ್ನು ಒತ್ತಲಿ ಬಿಡಲಿ ಓಡುತ್ತಲೇ ಇರುವುವು. ಆದುದರಿಂದ ಒಂದೇ ಕೀಲಿಯನ್ನು ಹತ್ತು ಸಲ ಒತ್ತಿದರೆ ಹತ್ತು ಸಲವೂ ನಾದದ ಆರಂಭ ಕಿಂಚಿತ್ತಾದರೂ ಬೇರೆಯಾಗಿರುವುದು. ಆ ಬಳಿಕ ಟ್ರಾನ್ಸಿಸ್ಟರುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ ಮಾಡಿದ ಮೋಗನ ಪ್ರಸಿದ್ಧ ಫಿಲ್ಟರು. ಇದು ಮೇಲಿನ ಉಪಸ್ವರಗಳನ್ನು ಕಡಿದಾಗಿ ಇಳಿಸುವುದಲ್ಲದೆ, ನಾದವನ್ನು ಬಲವಾಗಿ ನೂಕಿದಾಗ ಅಲೆಯ ತುದಿಗಳನ್ನು ಮೆಲ್ಲನೆ ದುಂಡಗೆ ಮಾಡಿ, ತನ್ನವೇ ಆದ ಹೊಸ ಉಪಸ್ವರಗಳನ್ನು ಸೇರಿಸುವುದು. ಜನರು ‘ಬೆಚ್ಚಗಿದೆ’ ಎಂದು ಹೇಳುವಾಗ ಕೇಳುತ್ತಿರುವುದು ಬಹುಮಟ್ಟಿಗೆ ಈ ಮೂರನ್ನು: ಸ್ಥಿರವಲ್ಲದ ಶ್ರುತಿ, ಪುನರುಕ್ತಿಯಿಲ್ಲದ ಆರಂಭ, ದುಂಡಗಾದ ತುದಿ. ಈ ಮೂರಕ್ಕೂ ಕಾರಣವಿದೆ, ಸ್ಥಾನವಿದೆ, ಅಳತೆಯಿದೆ.

ಡಿಜಿಟಲ್ ಕುಲದ ಕಥೆ ಇದಕ್ಕೆ ವಿಪರ್ಯಯವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ೧೯೬೭ರಲ್ಲಿ ಕಂಡುಕೊಂಡು ೧೯೭೩ರಲ್ಲಿ ಪ್ರಕಟಿಸಿದ ಕ್ರಮವಿದು: ಒಂದು ಕಂಪನದ ವೇಗವನ್ನು ಇನ್ನೊಂದು ಕಂಪನದಿಂದ ತೀವ್ರವಾಗಿ ಅಲುಗಿಸಿದರೆ, ಎರಡೂ ಬಗೆಯ ಪಕ್ಕಗಳಲ್ಲಿ ಹೊಸ ಸ್ವರಗಳ ಗುಂಪೇ ಹುಟ್ಟುವುದು. ೨೦೦ ಕಂಪನದ ಸ್ವರವನ್ನು ೨೮೦ ಕಂಪನದಿಂದ ಅಲುಗಿಸಿದರೆ ೮೦, ೩೬೦, ೪೮೦, ೬೪೦, ೭೬೦ ಮೊದಲಾದವು ಏಳುವುವು. ಇವು ೨೦೦ರ ಗುಣಕಗಳಲ್ಲ, ತಂತಿಯಲ್ಲಾಗಲಿ ಕೊಳಲಿನಲ್ಲಾಗಲಿ ಇಂತಹ ಕೂಟ ಸಾಮಾನ್ಯವಾಗಿ ಹುಟ್ಟದು, ಘಂಟೆಯಲ್ಲಿ ಹುಟ್ಟುವುದು. ಮೇಲಿನ ಸ್ವರಗಳು ಬೇಗನೆಯೂ ಕೆಳಗಿನವು ನಿಧಾನವಾಗಿಯೂ ಅಡಗುವಂತೆ ಅಲುಗಾಟವನ್ನು ಕ್ರಮವಾಗಿ ಇಳಿಸಿದರೆ, ಪೆಟ್ಟು ಮತ್ತು ಅನುರಣನಗಳೆರಡೂ ಕೂಡಿದ ಘಂಟಾನಾದ ಸಿದ್ಧಿಸುವುದು.

ಈ ನಾದ ಸಿದ್ಧಿಸಬೇಕಾದರೆ ಎರಡು ಕಂಪನಗಳ ಪ್ರಮಾಣ ಕೂದಲೆಳೆಯಷ್ಟೂ ಜರುಗಬಾರದು. ಜರುಗುವುದೇ ಸ್ವಭಾವವಾದ ಅನಲಾಗ್ ಆಸಿಲೇಟರುಗಳಿಂದ ಅದನ್ನು ಸಾಧಿಸುವುದು ಬಹು ಕಷ್ಟ. ಲೆಕ್ಕದ ನಿಷ್ಠುರತೆಗೆ ಮಾತ್ರ ಅದು ಸುಲಭ. ಯಾವ ನಿಷ್ಠುರತೆಯನ್ನು ನಾವು ‘ತಣ್ಣಗಿದೆ’ ಎಂದು ಹಳಿಯುವೆವೋ ಅದೇ ಈ ಘಂಟೆಗೆ ತಾಯಿ. ಒಂದೆಡೆ ಅಸ್ಥಿರತೆಯೇ ತುಂಬುನಾದಕ್ಕೆ ಕಾರಣವಾದರೆ, ಮತ್ತೊಂದೆಡೆ ಸ್ಥಿರತೆಯೇ ಅನುರಣನಕ್ಕೆ ಕಾರಣವಾಗಿದೆ. ಚೌನಿಂಗನು ೧೯೭೭ರಲ್ಲಿ ರಚಿಸಿದ ‘ಸ್ಟ್ರಿಯಾ’ ಎಂಬ ಕೃತಿಯಲ್ಲಿ ಸ್ಥಾಯಿಯ ಇಮ್ಮಡಿ ಪ್ರಮಾಣವನ್ನೇ ಕೈಬಿಟ್ಟು, ೧.೬೧೮ ಎಂಬ ಸುವರ್ಣಪ್ರಮಾಣದ ಮೇಲೆ ಸ್ವರಗಳ ಅಂತರವನ್ನೂ ನಾದಗಳ ಒಳರಚನೆಯನ್ನೂ ಕಟ್ಟಿರುವನು. ಅಲ್ಲಿ ಯಾವ ಹಳೆಯ ವಾದ್ಯದ ಅನುಕರಣವೂ ಇಲ್ಲ. ನಾದಗಳು ದೂರದ ಬೆಟ್ಟಸಾಲುಗಳಂತೆ ಒಂದರ ಹಿಂದೊಂದು ಏಳುತ್ತ ಅಳಿಯುತ್ತ ಹೋಗುವುವು. ಅದನ್ನು ಕೇಳಿ ‘ತಣ್ಣಗಿದೆ’ ಎಂದರೆ ಸುಳ್ಳಾಗದಿರಬಹುದು. ಆದರೆ ಆ ತಂಪು ಬೆಳದಿಂಗಳ ತಂಪು. ಅದನ್ನು ದೋಷವೆನ್ನುವುದು ಶಾಂತರಸದಲ್ಲಿ ವೀರವಿಲ್ಲವೆಂದು ದೂರಿದಂತೆ.

ಹಾಗಾದರೆ ಡಿಜಿಟಲ್ ನಾದಕ್ಕೆ ಅಪಕೀರ್ತಿ ಬಂದುದು ಹೇಗೆ? ೧೯೮೩ರಲ್ಲಿ ಜಪಾನಿನ ಯಾಮಾಹಾ ಸಂಸ್ಥೆ ಚೌನಿಂಗನ ಕ್ರಮವನ್ನು ಡಿಎಕ್ಸ್-೭ ಎಂಬ ವಾದ್ಯದಲ್ಲಿ ಅಳವಡಿಸಿ ಮಾರಿತು. ಏಕಕಾಲಕ್ಕೆ ೧೬ ಸ್ವರಗಳನ್ನು ನುಡಿಯಬಲ್ಲ, ಬೆರಳಿನ ಪೆಟ್ಟಿನ ವೇಗವನ್ನು ಗ್ರಹಿಸಬಲ್ಲ ಈ ವಾದ್ಯ ಲೋಕವ್ಯಾಪಕವಾಯಿತು. ಆದರೆ ಅದರೊಳಗೆ ನಾದವನ್ನು ಹೊಸದಾಗಿ ಕಟ್ಟುವುದು ದುಸ್ಸಾಧ್ಯವಾಗಿತ್ತು. ಮಿನಿಮೋಗಿನಲ್ಲಿ ಗುಣಕ್ಕೊಂದು ಗುಂಡಿ. ಕೈ ತಿರುಗಿಸಿದಂತೆ ಕಿವಿ ಕೇಳುವುದು, ಕಿವಿ ಕೇಳಿದಂತೆ ಕೈ ತಿದ್ದುವುದು. ಡಿಎಕ್ಸ್-೭ರಲ್ಲಿ ಆರು ಆಸಿಲೇಟರುಗಳು, ಅವನ್ನು ಹೆಣೆಯಲು ೩೨ ವಿನ್ಯಾಸಗಳು; ಇಷ್ಟನ್ನೂ ಒತ್ತುಗುಂಡಿಗಳ ಸಾಲು, ಚಿಕ್ಕ ಅಕ್ಷರಫಲಕ ಮತ್ತು ಬೆಲೆಯನ್ನು ಏರಿಳಿಸುವ ಒಂದೇ ಒಂದು ಜಾರುಗುಂಡಿಯಿಂದ ಒಂದೊಂದಾಗಿ ತಿದ್ದಬೇಕು. ಫಲವೇನಾಯಿತೆಂದರೆ, ಬಹುಮಂದಿ ವಾದಕರು ಕಾರ್ಖಾನೆಯಲ್ಲಿ ತುಂಬಿಸಿ ಕಳುಹಿಸಿದ ನಾದಗಳನ್ನೇ ನುಡಿಸಿದರು. ಆ ದಶಕದ ಅಸಂಖ್ಯಾತ ಹಾಡುಗಳಲ್ಲಿ ಅದೇ ವಿದ್ಯುತ್ ಪಿಯಾನೊ, ಅದೇ ಘಂಟೆ. ಉಪಮೆಗಳ ನಿಘಂಟಿನಿಂದ ಎತ್ತಿಕೊಂಡ ಮುಖಚಂದ್ರ ನೇತ್ರಕಮಲಗಳಿಂದ ಕಾವ್ಯ ಬೇಸರ ಹುಟ್ಟಿಸಿದರೆ ತಪ್ಪು ಚಂದ್ರನದೂ ಅಲ್ಲ, ಕಮಲದ್ದೂ ಅಲ್ಲ. ಕೇಳುಗರಿಗೆ ಬಂದ ಬೇಸರ ಸವಕಳಿಯಿಂದ ಬಂದುದು. ಅದನ್ನು ಅವರು ಸಂಖ್ಯೆಗಳ ಮೇಲೆ ಹೊರಿಸಿದರು.

ಕೈಯ ಪಾಲು ಎಷ್ಟೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ೧೯೮೨ರ ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಗ್ರೀಸಿನ ವ್ಯಾಂಜೆಲಿಸ್ ರಚಿಸಿದ ಸಂಗೀತವನ್ನು ಅನಲಾಗ್ ನಾದದ ಶಿಖರವೆಂದು ಎಣಿಸುವರು. ಅವನು ಮುಖ್ಯವಾಗಿ ನುಡಿಸಿದ ವಾದ್ಯ ಯಾಮಾಹಾ ಸಿಎಸ್-೮೦. ಇದು ಅನಲಾಗ್ ಎಂಬುದು ದಿಟ. ಆದರೆ ಇದರಲ್ಲಿ ಕೀಲಿಯನ್ನು ಒತ್ತಿ ಹಿಡಿದ ಮೇಲೂ ಪ್ರತಿಯೊಂದು ಬೆರಳಿನ ಒತ್ತಡವನ್ನು ಬೇರೆಬೇರೆಯಾಗಿ ಗ್ರಹಿಸುವ ಏರ್ಪಾಡಿದೆ; ಸ್ವರವನ್ನು ಜಾರಿಸಲು ಉದ್ದನೆಯ ಪಟ್ಟಿಯೊಂದಿದೆ. ಹಿಡಿದ ಸ್ವರ ಹಿಗ್ಗಿ, ನಡುಗಿ, ಬಾಗಿ, ಮತ್ತೆ ತಗ್ಗುವುದನ್ನು ಕೇಳಿದಾಗ ನಾವು ಕೇಳುವುದು ವಿದ್ಯುತ್ತಿನ ಕುಲವನ್ನೋ ವಾದಕನ ಬೆರಳನ್ನೋ? ಎರಡನ್ನೂ ಎನ್ನುವುದೇ ಸರಿ; ಆದರೆ ಹೊಗಳಿಕೆಯೆಲ್ಲ ಮೊದಲನೆಯದಕ್ಕೇ ಸಂದಿದೆ.

ಆಮೇಲಿನ ಇತಿಹಾಸ ಈ ವಿವೇಚನೆಯನ್ನು ಸಮರ್ಥಿಸುವುದು. ೧೯೯೫ರಲ್ಲಿ ಸ್ವೀಡನ್ ದೇಶದಿಂದ ಬಂದ ನಾರ್ಡ್ ಲೀಡ್ ಎಂಬ ವಾದ್ಯ ಸಂಖ್ಯೆಗಳಿಂದಲೇ ಅನಲಾಗ್ ನಾದವನ್ನು ಕಟ್ಟಿ, ಗುಣಕ್ಕೊಂದು ಗುಂಡಿಯನ್ನು ಮರಳಿ ಕೊಟ್ಟಿತು. ಮೋಗನ ಏಣಿಫಿಲ್ಟರು ಅಲೆಯ ತುದಿಯನ್ನು ದುಂಡಗೆ ಮಾಡುವ ಬಗೆಯನ್ನೂ ಗಣಿತದ ಸೂತ್ರಕ್ಕೆ ತಂದಿರುವರು. ಇಂದಿನ ಹಲವು ಗಣಕವಾದ್ಯಗಳಲ್ಲಿ ಶ್ರುತಿಯನ್ನು ಬೇಕೆಂದೇ ಅಲೆದಾಡಿಸುವ ಗುಂಡಿಯೊಂದಿರುವುದು. ಕಾರ್ಲೋಸ್ ಹಗಲಿರುಳೂ ಹೊರಗಟ್ಟುತ್ತಿದ್ದ ಶತ್ರುವಿಗೆ ಈಗ ಮನೆಯಲ್ಲಿ ಪೀಠ ಹಾಕಿ ಕೂಡಿಸಿರುವರು. ಒಂದು ತಲೆಮಾರಿಗೆ ದೋಷವಾದುದು ಮುಂದಿನ ತಲೆಮಾರಿಗೆ ಗುಣವಾಗುವ ಈ ಪರಿವರ್ತನೆ ಸಾಹಿತ್ಯದ ಇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ. ಇತ್ತ ಮಿನಿಮೋಗ್ ವಾದ್ಯದ ತಯಾರಿಕೆಯನ್ನೂ ೨೦೧೬ರಲ್ಲಿ ಮತ್ತೆ ಕೈಗೊಂಡರು. ಎರಡು ಕುಲಗಳೂ ಬದುಕಿವೆ.

ಈ ವಾದ ಹೊರನಾಡಿನದು, ನಮಗೆ ಸಂಬಂಧಪಟ್ಟುದಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೬೯ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಮೋಗ್ ಯಂತ್ರವೊಂದನ್ನು ಸ್ಥಾಪಿಸಿದ್ದನು. ೧೯೮೨ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಎಂಬ ಚಿತ್ರವಾದ್ಯಗಾರರು ಹತ್ತು ರಾಗಗಳನ್ನು ರೋಲೆಂಡ್ ಸಂಸ್ಥೆಯ ಯಂತ್ರಗಳಲ್ಲಿ ನುಡಿಸಿ ಮುದ್ರಿಸಿದರು. ಅವರು ಬಳಸಿದ ಟಿಬಿ-೩೦೩ ಅನಲಾಗ್ ನಾದದ ಯಂತ್ರ. ಸ್ವರದಿಂದ ಸ್ವರಕ್ಕೆ ಜಾರುವ ಗುಣವೂ ಅದಕ್ಕಿದೆ. ಆದರೆ ಆ ಜಾರು ಸದಾ ಒಂದೇ ಅವಧಿಯಲ್ಲಿ, ಒಂದೇ ರೀತಿಯಲ್ಲಿ ನಡೆಯುವುದು. ರಾಗಕ್ಕೂ ಸಂದರ್ಭಕ್ಕೂ ತಕ್ಕಂತೆ ಬದಲಾಗುವ ಗಮಕ ಅದಲ್ಲ. ಆ ಮುದ್ರಿಕೆಯ ಸೊಗಸು ಈ ಯಾಂತ್ರಿಕ ಸಮತೆಯಲ್ಲಿಯೇ ಇದೆ. ಅನಲಾಗ್ ಆದಮಾತ್ರಕ್ಕೆ ಅಸ್ಥಿರತೆಯ ಜೀವಕಳೆ ಬಂದುಬಿಡುವುದಿಲ್ಲವೆಂಬುದಕ್ಕೂ, ಅದಿಲ್ಲದೆಯೂ ಕೃತಿ ರಮ್ಯವಾಗಬಹುದೆಂಬುದಕ್ಕೂ ಇದು ಸಾಕ್ಷಿ.

ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ಮನೆಗಳಲ್ಲಿಯೇ ಇದೆ. ೧೯೭೦ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ಮೊದಮೊದಲ ಇಂತಹ ಪೆಟ್ಟಿಗೆಗಳು ನಾದವನ್ನು ತಾವೇ ಕಟ್ಟುತ್ತಿದ್ದುವು. ನಿಜವಾದ ತಂಬೂರಿಯ ನಾದವನ್ನು ಸಂಖ್ಯೆಗಳಲ್ಲಿ ಹಿಡಿದಿಟ್ಟು ಮರಳಿ ನುಡಿಸುವ ಡಿಜಿಟಲ್ ಪೆಟ್ಟಿಗೆಗಳು ಆಮೇಲೆ ಬಂದುವು. ಇಂದು ಸಂಗೀತ ಕಲಿಯುವ ಮಕ್ಕಳಲ್ಲಿ ಅನೇಕರು ಶ್ರುತಿಯನ್ನು ಮೊದಲು ಕೇಳುವುದು ಇಂತಹ ಪೆಟ್ಟಿಗೆಯಿಂದಲೇ. ಅದು ‘ನಿರ್ಜೀವ’ವೆಂದು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದನ್ನು ಸರಿಯಾಗಿ ಹೇಳಬೇಕಾದರೆ ತಂಬೂರಿಯಲ್ಲಿ ಜೀವವೆಂಬುದು ಎಲ್ಲಿದೆಯೆಂದು ಮೊದಲು ನೋಡಬೇಕು.

ತಂಬೂರಿಯಲ್ಲಿ ಜೀವವೆಂಬುದು ಕೈಯಿಂದ ಮುಟ್ಟಬಹುದಾದ ವಸ್ತು. ತಂತಿಗೂ ಕುದುರೆಗೂ ನಡುವೆ ಸೇರಿಸುವ ನೂಲಿನ ಎಳೆಗೆ ನಮ್ಮವರು ಇಟ್ಟಿರುವ ಹೆಸರೇ ಜೀವ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ನೆಲೆಯಲ್ಲಿ ಮಂಕಾಗಿದ್ದ ತಂತಿ ಇದ್ದಕ್ಕಿದ್ದಂತೆ ಝೇಂಕರಿಸಿ, ಉಪಸ್ವರಗಳ ಸಾಲನ್ನೇ ಹೊರಚೆಲ್ಲುವುದು. ೧೯೨೧ರಲ್ಲಿ ಸಿ. ವಿ. ರಾಮನ್ ಅವರು ವೀಣೆ ತಂಬೂರಿಗಳ ಕುದುರೆಯನ್ನು ಪರಿಶೀಲಿಸಿ, ಮೀಟಿದ ಸ್ಥಾನದ ದೆಸೆಯಿಂದ ಹುಟ್ಟಬಾರದೆಂದು ಪಾಶ್ಚಾತ್ಯ ನಿಯಮ ಹೇಳುವ ಉಪಸ್ವರಗಳೂ ಈ ವಾದ್ಯಗಳಲ್ಲಿ ಬಲವಾಗಿ ಕೇಳುವುವೆಂದು ತೋರಿಸಿದರು. ತಂತಿ ಕುದುರೆಯ ಬಾಗಿದ ಮೈಯನ್ನು ಮತ್ತೆ ಮತ್ತೆ ತಾಕುತ್ತಿರುವುದೇ ಇದಕ್ಕೆ ಕಾರಣ. ಹೀಗೆ ಜೀವಕ್ಕೆ ಸ್ಥಾನವಿದೆ, ಕಾರಣವಿದೆ. ಅದನ್ನು ಹುಡುಕಿ ನಿಲ್ಲಿಸುವ ಕೈಯೂ ಕಿವಿಯೂ ಇವೆ.

ಈಗ ಆಕ್ಷೇಪವನ್ನು ಸರಿಯಾಗಿ ಹೇಳಬಹುದು. ಹಿಡಿದಿಟ್ಟ ನಾದದ ಪೆಟ್ಟಿಗೆಯಲ್ಲಿ ಝೇಂಕಾರವಿದೆ. ಆದರೆ ಅದೇ ಝೇಂಕಾರ ಮತ್ತೆ ಮತ್ತೆ ಆವರ್ತಿಸುವುದು. ನಿಜವಾದ ತಂಬೂರಿಯಲ್ಲಿ ಎರಡು ಮೀಟುಗಳು ಒಂದೇ ಆಗವು. ಮತ್ತು ಪೆಟ್ಟಿಗೆಯ ಶ್ರುತಿ ಎಂದೂ ತಪ್ಪದ ಕಾರಣ, ತಪ್ಪಿದುದನ್ನು ಕೇಳಿ ಸರಿಪಡಿಸುವ ಅಭ್ಯಾಸ ಶಿಷ್ಯನಿಗೆ ಬರುವುದಿಲ್ಲ. ಎರಡನೆಯ ನಷ್ಟವೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ‘ನಿರ್ಜೀವ’ವೆಂದು ಕೇಳಿದ ಶಿಷ್ಯನಿಗೆ ಮಾಡತಕ್ಕುದೇನೂ ತೋಚದು. ‘ವಾರಕ್ಕೊಮ್ಮೆಯಾದರೂ ತಂತಿಯ ತಂಬೂರಿಯನ್ನು ನೀನೇ ಶ್ರುತಿಗೂಡಿಸು, ಜೀವವನ್ನು ನೀನೇ ಹುಡುಕು’ ಎಂದರೆ ಅವನ ಕಿವಿ ಬೆಳೆಯುವುದು. ಪೆಟ್ಟಿಗೆಯೂ ತನ್ನ ಕೆಲಸಕ್ಕೆ ಉಳಿಯುವುದು.

ಸಾಹಿತ್ಯವನ್ನು ಬೋಧಿಸುವ ನಮಗೂ ಇದರಲ್ಲಿ ಪಾಠವಿದೆ. ‘ಈ ಶೈಲಿ ಸಹಜ, ಆ ಶೈಲಿ ಕೃತಕ’, ‘ಈ ಪದ್ಯದಲ್ಲಿ ಜೀವವಿದೆ, ಅದರಲ್ಲಿಲ್ಲ’ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ವಿದ್ಯಾರ್ಥಿ ಅದನ್ನು ಬರೆದುಕೊಳ್ಳುವನು, ಪರೀಕ್ಷೆಯಲ್ಲಿ ಒಪ್ಪಿಸುವನು. ಆದರೆ ಕೇಳಲು ಕಲಿಯನು. ಸಿಂಥಸೈಜರುಗಳ ವಿಷಯದಲ್ಲಿ ನಾವು ಕಂಡುದಿಷ್ಟು: ಹಿಡಿದು ನಿಲ್ಲಿಸಿದ ತುಂಬುನಾದದ ಒಳಚಲನೆಯಲ್ಲಿ ಅನಲಾಗ್ ಕುಲ ಮೇಲು, ಪೆಟ್ಟಿನಲ್ಲಿಯೂ ಅನುರಣನದಲ್ಲಿಯೂ, ಹಿಂದೆ ಯಾರೂ ಕೇಳದ ಸ್ವರಕೂಟಗಳಲ್ಲಿಯೂ ಡಿಜಿಟಲ್ ಕುಲ ಮೇಲು, ಉಳಿದ ಬಹುಪಾಲು ಕೈಗೆ ಸೇರಿದುದು. ಒಂದು ಮಾತಿನಲ್ಲಿ ಮುಗಿದಿದ್ದ ತೀರ್ಪಿಗೆ ಬದಲಾಗಿ ಮೂರು ಮಾತುಗಳಾದುವು. ಆದರೆ ಈ ಮೂರನ್ನೂ ಕಿವಿಯಿಂದ ಪರೀಕ್ಷಿಸಬಹುದು. ಜೀವವಿದೆಯೆಂದು ಹೇಳುವವನು ಆ ಎಳೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾರದಿದ್ದರೆ ಇನ್ನೊಮ್ಮೆ ಕೇಳಬೇಕು.